ಯುರೋಪಿನ ಚರ್ಚುಗಳು: ಊರಿಂದ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಜರ್ಮನಿಯ ಕಲೋನ್ ಹತ್ತಿರ. ಊರಿಂದ ಯಾರೇ ಬರಲಿ, ಅವರನ್ನು ಕಲೋನಿನ ದೊಡ್ಡ ಚರ್ಚಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ರೈಲ್ವೆ ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟರೆ ಸಾಕು, ಎದುರಿಗೇ ನಿಂತಿರುತ್ತದೆ. ತುದಿ ನೋಡಲು ಹೋದರೆ ಕತ್ತು ನೋಯುತ್ತದೆ. ಚಿಕ್ಕಮ್ಮ ಬಂದರೂ, ಭಾವ ಬಂದರೂ, ಭಾವನ ಆಫೀಸಿನ ಗೆಳೆಯರು ಬಂದರೂ ಹೆಚ್ಚುಕಡಿಮೆ ಅವವೇ ಪ್ರಶ್ನೆ. ಹೇಳಿ ಹೇಳಿ ಗಂಟಲು ಒಣಗಿತು, ಅದಕ್ಕೇ ಬರೆದಿಟ್ಟಿದ್ದೇನೆ. ನಾನು ಇತಿಹಾಸದ ಮೇಷ್ಟ್ರಲ್ಲ, ಸಿವಿಲ್ ಓದಿದವನು. ಕಲ್ಲು, ಗಾರೆ, ಭಾರ ಅಂತ ಬಂದಲ್ಲಿ ಮಾತು ಸ್ವಲ್ಪ ಜಾಸ್ತಿಯಾಗುತ್ತದೆ, ಸಹಿಸಿಕೊಳ್ಳಿ.

ಚರ್ಚ್, ಕೆಥೆಡ್ರಲ್, ಬೆಸಿಲಿಕಾ ಮೂರೂ ಒಂದೇನಾ? ದೊಡ್ಡದಿದ್ದರೆ ಕೆಥೆಡ್ರಲ್ ಅಂತಾರಾ?

ಗಾತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಬಿಷಪ್ ಕೂರುವ ಪೀಠ ಯಾವ ಚರ್ಚಿನಲ್ಲಿದೆಯೋ ಅದು ಕೆಥೆಡ್ರಲ್. ಕೆಥೆಡ್ರಾ ಅಂದರೇನೇ ಪೀಠ. ಬೆಸಿಲಿಕಾ ಅನ್ನುವುದು ಈಗ ಪೋಪ್ ಕೊಡುವ ಗೌರವದ ಪದವಿ. ಬೆಂಗಳೂರಿನವರಿಗೆ ಇದು ಬೇಗ ಗೊತ್ತಾಗುತ್ತದೆ: ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾ, ಆದರೆ ಕ್ಯಾಥೊಲಿಕ್ ಆರ್ಚ್‌ಬಿಷಪ್ಪರ ಪೀಠ ಇರುವುದು ಸೇಂಟ್ ಫ್ರಾನ್ಸಿಸ್ ಝೇವಿಯರ್ ಕೆಥೆಡ್ರಲ್‌ನಲ್ಲಿ. ರೋಮಿನಲ್ಲೂ ಇದೇ ಕಥೆ. ಜಗತ್ತಿಗೆಲ್ಲ ಗೊತ್ತಿರುವ ಸೇಂಟ್ ಪೀಟರ್ಸ್ ರೋಮಿನ ಕೆಥೆಡ್ರಲ್ ಅಲ್ಲ, ಆ ಪಟ್ಟ ಸೇಂಟ್ ಜಾನ್ ಲ್ಯಾಟರನ್ ಚರ್ಚಿನದು. ಜರ್ಮನಿಯ ಉಲ್ಮ್ ಊರಿನ ಚರ್ಚು ಕಲೋನಿನದಕ್ಕಿಂತ ಎತ್ತರ, 161.5 ಮೀಟರ್, ಆದರೂ ಬಿಷಪ್ ಪೀಠ ಇಲ್ಲದ್ದರಿಂದ ಕೆಥೆಡ್ರಲ್ ಅಲ್ಲ.

ಮೊಟ್ಟಮೊದಲ ಚರ್ಚುಗಳು ಹೇಗಿದ್ದವು?

ಮನೆಗಳೇ. ರೋಮನ್ನರು ಕ್ರೈಸ್ತರನ್ನು ಹಿಡಿದು ಕಾಡುತ್ತಿದ್ದ ಕಾಲದಲ್ಲಿ ಯಾರದ್ದೋ ಮನೆಯ ಪಡಸಾಲೆಯಲ್ಲಿ ಸೇರಿ ಪ್ರಾರ್ಥನೆ ಮಾಡುತ್ತಿದ್ದರು. 313ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯೂ ಅವನ ಜೊತೆಗಿದ್ದ ಲಿಸಿನಿಯಸ್‌ನೂ ಈ ಧರ್ಮಕ್ಕೆ ಮುಕ್ತ ಅವಕಾಶ ಕೊಟ್ಟರು. ಆಗ ದಿಢೀರಂತ ದೊಡ್ಡ ಕಟ್ಟಡ ಬೇಕಾಯಿತು. ರೋಮನ್ ದೇವಾಲಯದ ನಕ್ಷೆ ಉಪಯೋಗಕ್ಕೆ ಬರಲಿಲ್ಲ. ಅಲ್ಲಿ ಮೂರ್ತಿ ಒಳಗೆ, ಜನ ಹೊರಗೆ. ಇವರಿಗೆ ಜನರೆಲ್ಲ ಒಳಗೇ ಬೇಕು. ಹಾಗಾಗಿ ಬೆಸಿಲಿಕಾ ಎಂಬ ಹಜಾರದ ನಕ್ಷೆಯನ್ನು ಎತ್ತಿಕೊಂಡರು. ಅದು ನ್ಯಾಯ ತೀರ್ಮಾನಕ್ಕೆ, ವ್ಯಾಪಾರದ ಮಾತಿಗೆ ಜನ ಸೇರುತ್ತಿದ್ದ ಉದ್ದನೆಯ ಸರ್ಕಾರಿ ಹಾಲ್. ನಡುವೆ ಎತ್ತರದ ಸಾಲು, ಎರಡೂ ಕಡೆ ಕಂಬಗಳಾಚೆ ತಗ್ಗಿನ ಸಾಲು, ತುದಿಯಲ್ಲಿ ಅರ್ಧವೃತ್ತದ ಗೂಡು. ಅಧಿಕಾರಿ ಕೂರುತ್ತಿದ್ದ ಆ ಗೂಡಿನ ಜಾಗಕ್ಕೆ, ಪಾದ್ರಿ ಪೂಜೆ ನಡೆಸುವ ಬಲಿಪೀಠ ಬಂತು. ಇವತ್ತಿಗೂ ಮುಕ್ಕಾಲು ಪಾಲು ಚರ್ಚುಗಳ ಒಳಗಿನ ವಿನ್ಯಾಸ ಇದೇ.

ಮೇಲಿಂದ ನೋಡಿದರೆ ಶಿಲುಬೆ ಆಕಾರ ಕಾಣುತ್ತದಂತೆ, ಹೌದಾ?

ತುಂಬಾ ಚರ್ಚುಗಳಲ್ಲಿ ಹೌದು. ಉದ್ದದ ಹಜಾರಕ್ಕೆ ಅಡ್ಡವಾಗಿ ಇನ್ನೊಂದು ತೋಳು ಸೇರಿಸಿದರೆ ಶಿಲುಬೆಯಾಯಿತು. ಸಾಮಾನ್ಯವಾಗಿ ಬಾಗಿಲು ಪಶ್ಚಿಮಕ್ಕೆ, ಬಲಿಪೀಠ ಪೂರ್ವಕ್ಕೆ. ಮೊಬೈಲಿನ ದಿಕ್ಸೂಚಿ ಇಲ್ಲದೆಯೂ ಹಳೆಯ ಊರುಗಳಲ್ಲಿ ದಿಕ್ಕು ಹಿಡಿಯಬಹುದು. ರೋಮಿನ ಸೇಂಟ್ ಪೀಟರ್ಸ್ ಮಾತ್ರ ಉಲ್ಟಾ, ಅದರ ಬಾಗಿಲು ಪೂರ್ವಕ್ಕಿದೆ.

ರೋಮನೆಸ್ಕ್, ಗೋಥಿಕ್ ಅಂತಾರಲ್ಲ, ನೋಡಿದ ತಕ್ಷಣ ಗೊತ್ತಾಗುವುದು ಹೇಗೆ?

ಕಮಾನು ನೋಡಿ. ಅರ್ಧ ಚಕ್ರದ ಹಾಗೆ ದುಂಡಗಿದ್ದರೆ ರೋಮನೆಸ್ಕ್, ಮೇಲೆ ಚೂಪಾಗಿದ್ದರೆ ಗೋಥಿಕ್. ಅವಸರದಲ್ಲಿರುವವರು ಇಷ್ಟಕ್ಕೇ ನಿಲ್ಲಿಸಿ ಮುಂದಿನ ಪ್ರಶ್ನೆಗೆ ಹೋಗಬಹುದು. ಉಳಿದವರಿಗೆ ಪೂರ್ತಿ ಕಥೆ ಹೇಳುತ್ತೇನೆ, ಇದೊಂದು ಗೊತ್ತಾದರೆ ಉಳಿದ ಚರ್ಚುಗಳು ತಾವಾಗಿಯೇ ಅರ್ಥವಾಗುತ್ತವೆ.

ಹಳೆಯ ಚರ್ಚುಗಳಿಗೆ ಮರದ ಛಾವಣಿ ಇರುತ್ತಿತ್ತು. ಮೇಣದಬತ್ತಿ, ಸಿಡಿಲು, ಒಂದಲ್ಲ ಒಂದು ಕಾರಣಕ್ಕೆ ಸುಟ್ಟುಹೋಗುತ್ತಿದ್ದವು. ಅದಕ್ಕೆ ಮರದ ಮಾಡಿನ ಕೆಳಗೆ ಕಲ್ಲಿನ ಕಮಾನು ಛಾವಣಿ ಕಟ್ಟಲು ಶುರುಮಾಡಿದರು. ಕಲ್ಲು ಸುಡುವುದಿಲ್ಲ ನಿಜ, ಆದರೆ ಕಮಾನು ಸುಮ್ನೆ ಕೂರುವ ಪ್ರಾಣಿಯಲ್ಲ. ಇಸ್ಪೀಟಿನ ಎರಡು ಎಲೆಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿ ನೋಡಿ, ಬುಡ ಎರಡೂ ಕಡೆ ಹೊರಕ್ಕೆ ಜಾರುತ್ತದೆ. ಕಲ್ಲಿನ ಛಾವಣಿಯೂ ಹಗಲು ರಾತ್ರಿ ಗೋಡೆಗಳನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ, ನೂರಾರು ವರ್ಷ, ಒಂದು ನಿಮಿಷವೂ ಬಿಡುವಿಲ್ಲದೆ. ಅದನ್ನು ತಡೆಯಲು ರೋಮನೆಸ್ಕ್ ಕಾಲದವರು ಗೋಡೆಯನ್ನೇ ಕೋಟೆಯಷ್ಟು ದಪ್ಪ ಮಾಡಿದರು, ಕಿಟಕಿ ಚಿಕ್ಕದು ಮಾಡಿದರು. ಒಳಗೆ ಕತ್ತಲು, ತಂಪು. ಜರ್ಮನಿಯ ಶ್ಪೈಯರ್ ಇಂಥದ್ದು, 11ನೇ ಶತಮಾನದ್ದು. ನನಗಂತೂ ತುಂಬಾ ಇಷ್ಟ, ಆ ಗಟ್ಟಿತನದಲ್ಲಿ ಒಂದು ಸಮಾಧಾನವಿದೆ. ಜೊತೆಗೆ ಬಂದವರಿಗೆ ಐದು ನಿಮಿಷಕ್ಕೆ ಬೇಜಾರಾಗುತ್ತದೆ.

ಆಮೇಲೆ ಮೂರು ಉಪಾಯಗಳು ಒಟ್ಟಿಗೆ ಸೇರಿದವು. ಚೂಪು ಕಮಾನಿನ ಭಾರ ಹೆಚ್ಚು ನೇರವಾಗಿ ಕೆಳಕ್ಕೆ ಇಳಿಯುತ್ತದೆ, ಹೊರಕ್ಕೆ ತಳ್ಳುವುದು ಕಡಿಮೆ. ಛಾವಣಿಯ ಕೆಳಗೆ ಛತ್ರಿಯ ಕಡ್ಡಿಗಳ ಹಾಗೆ ಕಲ್ಲಿನ ಪಕ್ಕೆಲುಬು ಹಾಕಿದರೆ ನಡುವಿನ ಜಾಗಕ್ಕೆ ತೆಳು ಕಲ್ಲು ಸಾಕು, ಭಾರವೆಲ್ಲ ನಾಲ್ಕು ಮೂಲೆಯ ಕಂಬಗಳಿಗೆ ಹೋಗುತ್ತದೆ. ಇಂಗ್ಲೆಂಡಿನ ಡರಮ್‌ನಲ್ಲಿ 1093ರಲ್ಲಿ ಶುರುವಾದ ಕೆಥೆಡ್ರಲ್‌ನಲ್ಲಿ ಈ ಪಕ್ಕೆಲುಬಿನ ಛಾವಣಿ ಆಗಲೇ ಇದೆ. ಮೂರನೆಯದು ಹೊರಗಿನ ಊರೆ. ಗೊನೆ ಬಿಟ್ಟ ಬಾಳೆ ವಾಲದಿರಲಿ ಅಂತ ತೋಟದಲ್ಲಿ ಕೋಲಿನ ಊರೆ ಕೊಡುತ್ತೇವಲ್ಲ, ಹಾಗೆ ಗೋಡೆಯ ಹೊರಗಡೆಯಿಂದ ಕಲ್ಲಿನ ಅರ್ಧ ಕಮಾನುಗಳನ್ನು ಆನಿಸಿದರು. ಇದೇ ಫ್ಲೈಯಿಂಗ್ ಬಟ್ರೆಸ್. ಭಾರವೆಲ್ಲ ಕಂಬಕ್ಕೂ ಊರೆಗೂ ಹೋದ ಮೇಲೆ ಗೋಡೆಗೆ ಕೆಲಸವೇ ಉಳಿಯಲಿಲ್ಲ. ಕೆಲಸ ಇಲ್ಲದ ಗೋಡೆಯನ್ನು ತೆಗೆದು ಗಾಜು ಹಾಕಿದರು, ಅಷ್ಟೇ. ಪ್ಯಾರಿಸ್ ಪಕ್ಕದ ಸೇಂಟ್ ಡೆನಿಯಲ್ಲಿ ಮಠಾಧಿಪತಿ ಸೂಜೆ ಎಂಬಾತ ಕಟ್ಟಿಸಿ 1144ರಲ್ಲಿ ಪ್ರತಿಷ್ಠೆ ಮಾಡಿಸಿದ ಭಾಗವನ್ನು ಈ ಶೈಲಿಯ ಶುರುವಾತು ಅಂತ ಹೇಳುತ್ತಾರೆ. ಒಳಗೆ ಬೆಳಕು ಬರಬೇಕು, ಆ ಬೆಳಕೇ ದೇವರ ಕಡೆಗೆ ಕರೆದೊಯ್ಯುತ್ತದೆ ಅನ್ನುವುದು ಆತನ ಹುಚ್ಚು.

ಗೋಥಿಕ್ ಅಂದರೆ ಏನರ್ಥ?

ಬೈಗುಳ. ರೋಮನ್ ಸಾಮ್ರಾಜ್ಯದ ಮೇಲೆ ದಾಳಿ ಮಾಡಿದ ಗೋಥ್ ಜನರ ಹೆಸರು ಹಿಡಿದು, ಇದು ಅನಾಗರಿಕರ ಕೆಲಸ ಅಂತ 16ನೇ ಶತಮಾನದ ಇಟಲಿಯವರು ಹೀಯಾಳಿಸಿದರು, ಕಲಾವಿದರ ಜೀವನಚರಿತ್ರೆ ಬರೆದ ವಸಾರಿ ಅದರಲ್ಲಿ ಮುಂದು. ಗೋಥರಿಗೂ ಈ ಕಟ್ಟಡಗಳಿಗೂ ಸಂಬಂಧವಿಲ್ಲ. ಬೈಗುಳ ಹೋಯಿತು, ಹೆಸರು ಉಳಿಯಿತು.

ಕ್ಯಾಲ್ಕುಲೇಟರ್ ಇಲ್ಲ, ಸಿಮೆಂಟ್ ಇಲ್ಲ, ಕಬ್ಬಿಣದ ಕ್ರೇನ್ ಇಲ್ಲ. ಕಟ್ಟಿದ್ದು ಹೇಗೆ?

ಹಗ್ಗ, ಕೈವಾರ, ಮಟ್ಟಗೋಲು, ತೂಕದ ಗುಂಡು. ಲೆಕ್ಕ ಅಂದರೆ ರೇಖಾಗಣಿತವೇ. ಮುಖ್ಯ ಮೇಸ್ತ್ರಿ ಗಾರೆ ನೆಲದ ಮೇಲೆ ಕಮಾನನ್ನು ನಿಜ ಅಳತೆಯಲ್ಲೇ ಗೀಚುತ್ತಿದ್ದ, ಅದಕ್ಕೆ ಸರಿಯಾಗಿ ಮರದ ಅಚ್ಚು ಮಾಡಿ ಕಲ್ಲುಕುಟಿಗರಿಗೆ ಕೊಡುತ್ತಿದ್ದರು. ಇಂಗ್ಲೆಂಡಿನ ಯಾರ್ಕ್ ಮತ್ತು ವೆಲ್ಸ್ ಚರ್ಚುಗಳಲ್ಲಿ ಅಂಥ ಗೀಚಿದ ನೆಲಗಳು ಇವತ್ತಿಗೂ ಉಳಿದಿವೆ. ಕಲ್ಲು ಎತ್ತಲು ಮರದ ಕ್ರೇನ್ ಇತ್ತು: ಆಳೆತ್ತರಕ್ಕಿಂತ ದೊಡ್ಡ ಚಕ್ರ, ಅದರೊಳಗೆ ಮನುಷ್ಯರು ನಡೆಯುವುದು, ಚಕ್ರ ತಿರುಗಿ ಹಗ್ಗ ಸುತ್ತಿಕೊಳ್ಳುವುದು. ಗಾರೆ ಸುಣ್ಣದ್ದು. ಅದು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು, ಹಿಮ ಬಿದ್ದರೆ ಹಾಳು. ಆದ್ದರಿಂದ ಚಳಿಗಾಲದಲ್ಲಿ ಅರ್ಧ ಕಟ್ಟಿದ ಗೋಡೆಗೆ ಹುಲ್ಲು ಸಗಣಿ ಹೊದಿಸಿ ಕೆಲಸ ನಿಲ್ಲಿಸುತ್ತಿದ್ದರು.

ಎಲ್ಲವೂ ಸರಿಯಾಗಿ ನಿಂತಿತು ಅಂತಲ್ಲ. ಬಿದ್ದವು ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಫ್ರಾನ್ಸಿನ ಬೋವೆ ಊರಿನವರು ಎಲ್ಲರಿಗಿಂತ ಎತ್ತರ ಕಟ್ಟುತ್ತೇವೆ ಅಂತ ಹಟ ಹಿಡಿದು ಛಾವಣಿಯನ್ನು ಸುಮಾರು 48 ಮೀಟರಿಗೆ ಏರಿಸಿದರು, 1272ರಲ್ಲಿ. ಹನ್ನೆರಡು ವರ್ಷಕ್ಕೆ, 1284ರಲ್ಲಿ, ಅದರ ದೊಡ್ಡ ಭಾಗ ಕುಸಿಯಿತು. ರಿಪೇರಿ ಮಾಡುವಾಗ ಕಂಬಗಳ ನಡುವೆ ಇನ್ನೊಂದೊಂದು ಕಂಬ ಸೇರಿಸಿದರು. ಎಲ್ಲಿ ತಪ್ಪಾಗಿತ್ತು ಅಂತ ಅದೇ ಹೇಳುತ್ತದೆ. ಬುದ್ಧಿ ಬಂತಾ? ಇಲ್ಲ. ಹಜಾರ ಕಟ್ಟುವುದು ಬಿಟ್ಟು 153 ಮೀಟರಿನ ಗೋಪುರ ಎಬ್ಬಿಸಿದರು, 1569ರಲ್ಲಿ ಮುಗಿಯಿತು, 1573ರಲ್ಲಿ ಯೇಸುವಿನ ಸ್ವರ್ಗಾರೋಹಣದ ಹಬ್ಬದ ದಿನವೇ ಬಿತ್ತು. ಜನ ಮೆರವಣಿಗೆಗೆ ಹೊರಗೆ ಹೋಗಿದ್ದರು, ಬದುಕಿಕೊಂಡರು. ಬೋವೆಯ ಚರ್ಚಿಗೆ ಇವತ್ತಿಗೂ ಹಜಾರವಿಲ್ಲ. ಇಂಜಿನಿಯರುಗಳು ಕಲೋನಿಗೆ ಬರುವ ಮೊದಲು ಅಲ್ಲಿಗೆ ಹೋಗಬೇಕು ಅಂತ ನನ್ನ ಅಭಿಪ್ರಾಯ.

ಪೀಸಾದ ವಾಲಿದ ಗೋಪುರವೂ ಚರ್ಚಾ?

ಚರ್ಚಿನ ಗಂಟೆ ಗೋಪುರ. ಪಕ್ಕದಲ್ಲೇ ಅಷ್ಟು ಚೆಂದದ ಕೆಥೆಡ್ರಲ್ ಇದೆ, ಎಲ್ಲರೂ ಅದಕ್ಕೆ ಬೆನ್ನು ಮಾಡಿ ಗೋಪುರವನ್ನು ಕೈಯಲ್ಲಿ ತಳ್ಳುವ ಫೋಟೋ ತೆಗೆಸಿಕೊಳ್ಳುತ್ತಾರೆ. 1173ರಲ್ಲಿ ಶುರುವಾಯಿತು. ಕೆಳಗೆ ಮೆತ್ತನೆಯ ಜೇಡಿಮಣ್ಣು, ಪಾಯ ಆಳವಿಲ್ಲ, ಕೆಲವು ಅಂತಸ್ತು ಏರುವಷ್ಟರಲ್ಲೇ ವಾಲಿತು. ನಡುವೆ ಯುದ್ಧಗಳಿಂದ ಕೆಲಸ ದೀರ್ಘಕಾಲ ನಿಂತದ್ದೇ ಒಳ್ಳೆಯದಾಯಿತು, ಮಣ್ಣು ಅದುಮಿಕೊಂಡು ಗಟ್ಟಿಯಾಯಿತು, ಇಲ್ಲದಿದ್ದರೆ ಆಗಲೇ ಬೀಳುತ್ತಿತ್ತು. 1990ರಲ್ಲಿ ಜನರಿಗೆ ಪ್ರವೇಶ ನಿಲ್ಲಿಸಿ, ಎತ್ತರವಿದ್ದ ಬದಿಯ ಕೆಳಗಿನಿಂದ ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆದು ವಾಲುವಿಕೆ ಕಡಿಮೆ ಮಾಡಿದರು. 2001ರಲ್ಲಿ ಮತ್ತೆ ತೆರೆಯಿತು. ಪೂರ್ತಿ ನೆಟ್ಟಗೆ ಮಾಡಿದರೆ ಟಿಕೆಟ್ ಯಾರು ತಗೋತಾರೆ!

ಕಲೋನ್ ಚರ್ಚು ಕಟ್ಟಲು 600 ವರ್ಷ ಯಾಕೆ ಬೇಕಾಯಿತು?

632 ವರ್ಷ. 1248ರಲ್ಲಿ ಅಡಿಗಲ್ಲು, 1880ರಲ್ಲಿ ಮುಕ್ತಾಯ. ಅಷ್ಟೂ ವರ್ಷ ಕಟ್ಟುತ್ತಿದ್ದರು ಅಂತಲ್ಲ, ನಡುವೆ ಮುನ್ನೂರು ವರ್ಷಕ್ಕೆ ಹತ್ತಿರ ಕೆಲಸವೇ ನಿಂತಿತ್ತು. 1164ರಲ್ಲಿ ಇಲ್ಲಿನ ಆರ್ಚ್‌ಬಿಷಪ್ ಮಿಲಾನಿನಿಂದ ಮೂವರು ಜ್ಞಾನಿಗಳ ಮೂಳೆಗಳು ಅಂತ ತಂದಿದ್ದ. ಬಾಲಯೇಸುವನ್ನು ನೋಡಲು ನಕ್ಷತ್ರದ ಜಾಡು ಹಿಡಿದು ಬಂದರಲ್ಲ, ಅವರದು. ಅದನ್ನು ನೋಡಲು ಬರುವ ಯಾತ್ರಿಕರು ಜಾಸ್ತಿಯಾಗಿ ದೊಡ್ಡ ಚರ್ಚು ಬೇಕಾಯಿತು. ಆಮೇಲೆ ದುಡ್ಡೂ ಉತ್ಸಾಹವೂ ಬತ್ತಿ 1560ರ ಸುಮಾರಿಗೆ ನಿಂತೇಹೋಯಿತು. ಅರ್ಧ ಕಟ್ಟಿದ ಗೋಪುರದ ಮೇಲೆ ಮರದ ಕ್ರೇನ್ ಹಾಗೇ ಉಳಿಯಿತು. ತಲೆಮಾರುಗಟ್ಟಲೆ ಜನ ಆ ಕ್ರೇನನ್ನೇ ಊರಿನ ಗುರುತು ಅಂತ ನೋಡುತ್ತಾ ಬೆಳೆದರು.

1814ರಲ್ಲಿ ಡಾರ್ಮ್‌ಸ್ಟಾಟ್ ಊರಿನಲ್ಲಿ ಮಧ್ಯಯುಗದ ಚರ್ಮದ ಹಾಳೆಯ ಮೇಲೆ ಬರೆದ ಮುಂಭಾಗದ ನಕ್ಷೆಯ ಅರ್ಧ ಸಿಕ್ಕಿತು, ಎರಡು ವರ್ಷಕ್ಕೆ ಇನ್ನರ್ಧ ಪ್ಯಾರಿಸಿನಲ್ಲಿ ಸಿಕ್ಕಿತು. ಆಗ ಜರ್ಮನರಿಗೆ ದೇಶಾಭಿಮಾನ ಏರುತ್ತಿದ್ದ ಕಾಲ. 1842ರಲ್ಲಿ, ಆಗ ಈ ಭಾಗವನ್ನು ಆಳುತ್ತಿದ್ದ ಪ್ರಷ್ಯಾದ ರಾಜ ಮತ್ತೆ ಕಲ್ಲಿಟ್ಟ, ಹಳೆಯ ನಕ್ಷೆಯ ಪ್ರಕಾರವೇ ಕಟ್ಟಿ ಮುಗಿಸಿದರು. ಮಾಡಿನ ಒಳಗೆ ಮಾತ್ರ ಮರದ ಬದಲು ಕಬ್ಬಿಣದ ಟ್ರಸ್, ಅಂದರೆ ಭಾರ ಹೊರುವ ಚೌಕಟ್ಟು. ಐಫೆಲ್ ಗೋಪುರಕ್ಕಿಂತ ಹಳೆಯದು ಅದು. ಮುಗಿದಾಗ 157 ಮೀಟರಿನ ಈ ಚರ್ಚೇ ಜಗತ್ತಿನ ಅತಿ ಎತ್ತರದ ಕಟ್ಟಡ, ನಾಲ್ಕು ವರ್ಷದ ಮಟ್ಟಿಗೆ. ಹಾಗಾಗಿ "ಅಬ್ಬಾ, ಎಂಟುನೂರು ವರ್ಷ ಹಳೆಯ ಗೋಪುರ!" ಅಂತ ಫೋಟೋ ಕೆಳಗೆ ಬರೆಯಬೇಡಿ. ಗೋಪುರದ ಮೇಲ್ಭಾಗ ನಿಮ್ಮ ಮುತ್ತಜ್ಜನ ಕಾಲದ್ದು. ಯುರೋಪಿನ ಹಳೆಯ ದೊಡ್ಡ ಚರ್ಚುಗಳಲ್ಲಿ ಹೆಚ್ಚಿನವು ಒಂದೇ ಶತಮಾನದ್ದಲ್ಲ. "ಇದು ಎಷ್ಟು ಹಳೆಯದು" ಅಂತ ಕೇಳಿದರೆ "ಯಾವ ಭಾಗ?" ಅಂತ ನಾನು ತಿರುಗಿ ಕೇಳುವುದು ಅದಕ್ಕೇ.

ಅಷ್ಟು ಕಪ್ಪಗೆ ಯಾಕಿದೆ? ತೊಳೆಯಬಾರದಾ? ಯಾವಾಗಲೂ ಸಾರವೆ ಬೇರೆ ಕಟ್ಟಿರುತ್ತಾರೆ.

ಕಲ್ಲಿದ್ದಲ ಹೊಗೆ, ಹಬೆ ರೈಲು, ಕಾರ್ಖಾನೆಗಳ ಗಾಳಿ. ಹೊಗೆಯ ಗಂಧಕ ಮಳೆಯಲ್ಲಿ ಸೇರಿ ಕಲ್ಲಿನ ಮೇಲ್ಪದರವನ್ನೇ ಬದಲಿಸಿದೆ, ಉಜ್ಜಿದರೆ ಕಲ್ಲೂ ಉದುರುತ್ತದೆ. ಈ ಚರ್ಚಿಗೆಂದೇ ಖಾಯಂ ಕಲ್ಲುಕುಟಿಗರು, ಗಾಜಿನ ಕೆಲಸದವರು, ಬಡಗಿಗಳು ಇದ್ದಾರೆ. ಒಂದು ಮೂಲೆ ಮುಗಿಯುವಷ್ಟರಲ್ಲಿ ಇನ್ನೊಂದು ಮೂಲೆ ಕರೆಯುತ್ತದೆ. ಚರ್ಚಿನ ಕೆಲಸ ಮುಗಿದ ದಿನ ಪ್ರಪಂಚ ಮುಗಿಯುತ್ತದೆ ಅಂತ ಇಲ್ಲಿನವರು ತಮಾಷೆ ಮಾಡುತ್ತಾರೆ.

ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ ಬಂತು?

ಎಲ್ಲ ಕಡೆಯಿಂದ. ರೈತರ ಬೆಳೆಯ ಹತ್ತನೇ ಒಂದು ಪಾಲು ಚರ್ಚಿಗೆ ಹೋಗುತ್ತಿತ್ತು. ರಾಜರು, ವ್ಯಾಪಾರಿಗಳು, ಕಸುಬಿನ ಸಂಘಗಳು ಕೊಡುತ್ತಿದ್ದವು. ಫ್ರಾನ್ಸಿನ ಶಾರ್ತ್ರ್‌ನ ಗಾಜಿನ ಕಿಟಕಿಗಳಲ್ಲಿ ಸಂತರ ಕಾಲಬುಡದಲ್ಲಿ ಬ್ರೆಡ್ ಮಾಡುವವರು, ಚಪ್ಪಲಿ ಹೊಲಿಯುವವರು ಕಾಣುತ್ತಾರೆ. ನಮ್ಮಲ್ಲಿ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ಬರೆಸುವುದಿಲ್ವಾ, ಆ ಜಾತಿಯದು ಅಂತ ನಾನು ಹೇಳಿದಾಗ ಅತ್ತೆ ತುಂಬಾ ನಕ್ಕರು.

ನನಗೆ ಇಷ್ಟವಾದ ಲೆಕ್ಕ ಫ್ರಾನ್ಸಿನ ರೂಆನ್ ಊರಿನದು. ಅಲ್ಲಿನ ಕೆಥೆಡ್ರಲ್‌ನ ಒಂದು ಗೋಪುರಕ್ಕೆ ಬೆಣ್ಣೆ ಗೋಪುರ ಅಂತಲೇ ಹೆಸರು. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಲ್ಲಿ ಬೆಣ್ಣೆ ತಿನ್ನುವ ಹಾಗಿಲ್ಲ. ದುಡ್ಡು ಕಟ್ಟಿದರೆ ತಿನ್ನಲು ಅನುಮತಿ. ಆ ದುಡ್ಡಿನಲ್ಲಿ ಗೋಪುರ ಎದ್ದಿತು ಅನ್ನುತ್ತಾರೆ. ಇದೇ ದಾರಿ ದೊಡ್ಡದಾಗಿ ಬೆಳೆದು ಕಡೆಗೆ ತಿರುಗಿ ಕಚ್ಚಿತು. ರೋಮಿನಲ್ಲಿ ಕಾನ್‌ಸ್ಟಂಟೈನ್ ಕಾಲದ ಹಳೆಯ ಸೇಂಟ್ ಪೀಟರ್ಸ್ ಒಡೆದು 1506ರಲ್ಲಿ ಹೊಸದಕ್ಕೆ ಕಲ್ಲಿಟ್ಟರು. ಅದರ ಖರ್ಚಿಗೆ ಪಾಪಕ್ಕೆ ಮಾಫಿ ಪತ್ರ ಮಾರಿದರು. 1517ರಲ್ಲಿ ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ ಎಂಬ ಪಾದ್ರಿ ತಿರುಗಿಬಿದ್ದದ್ದು ಈ ಮಾರಾಟದ ವಿರುದ್ಧವೇ. ಒಂದು ಕಟ್ಟಡದ ಬಜೆಟ್ ಒಂದು ಧರ್ಮವನ್ನು ಒಡೆಯುವಲ್ಲಿ ಪಾಲು ಪಡೆಯಿತು ಅಂದರೆ ಲೆಕ್ಕಹಾಕಿ.

ಬಣ್ಣದ ಗಾಜು ಹೇಗೆ ಮಾಡುತ್ತಿದ್ದರು? ಹಳೆಯ ಗಾಜು ನಿಧಾನವಾಗಿ ಕೆಳಗೆ ಹರಿಯುತ್ತದಂತೆ?

ಹರಿಯುವುದಿಲ್ಲ. ಅದೊಂದು ಸುಳ್ಳು, ನಮ್ಮ ಮೇಷ್ಟ್ರೂ ಹೇಳಿಕೊಟ್ಟಿದ್ದರು. ಊದಿ ಮಾಡಿದ ಗಾಜು ಎಲ್ಲ ಕಡೆ ಒಂದೇ ದಪ್ಪ ಬರುತ್ತಿರಲಿಲ್ಲ, ಕೆಲವು ತುಂಡುಗಳಲ್ಲಿ ದಪ್ಪ ಬದಿ ಮೇಲೂ ಇದೆ. ಬಣ್ಣಕ್ಕೆ ಕರಗಿದ ಗಾಜಿಗೆ ಲೋಹ ಬೆರೆಸುತ್ತಿದ್ದರು, ನೀಲಿಗೆ ಕೋಬಾಲ್ಟ್, ಕೆಂಪಿಗೆ ತಾಮ್ರ. ತುಂಡುಗಳನ್ನು ಕತ್ತರಿಸಿ ಸೀಸದ ಪಟ್ಟಿಯಲ್ಲಿ ಜೋಡಿಸುವುದು. ಓದಲು ಬಾರದವರಿಗೆ ಇದೇ ಬೈಬಲ್ ಅಂತ ಗೈಡುಗಳು ಹೇಳುತ್ತಾರೆ. ಅರ್ಧ ನಂಬಿ. ಇಪ್ಪತ್ತು ಮೀಟರ್ ಮೇಲಿರುವ ಚಿತ್ರ ದುರ್ಬೀನು ಇಲ್ಲದೆ ಯಾರಿಗೆ ಕಾಣುತ್ತದೆ? ಶಾರ್ತ್ರ್‌ನ ನೀಲಿ ನೋಡಲು ಮೋಡವಿಲ್ಲದ ದಿನ ಹೋಗಿ. ಕಲೋನಿನಲ್ಲಿ ಹೊಸದೂ ಇದೆ: 2007ರಲ್ಲಿ ಗೆರ್ಹಾರ್ಡ್ ರಿಕ್ಟರ್ ಮಾಡಿದ ಕಿಟಕಿ, 11 ಸಾವಿರಕ್ಕೂ ಜಾಸ್ತಿ ಬಣ್ಣದ ಚೌಕ, ಒಬ್ಬ ಸಂತನೂ ಇಲ್ಲ. ಆಗ ಅದಕ್ಕೆ ಜಗಳವೂ ಆಗಿತ್ತು. ಮಧ್ಯಾಹ್ನದ ಬಿಸಿಲಲ್ಲಿ ನೆಲದ ಮೇಲೆ ಅದರ ಬಣ್ಣ ಚೆಲ್ಲಿದಾಗ ಜಗಳ ಮರೆತುಹೋಗುತ್ತದೆ.

ಗುಮ್ಮಟಗಳ ಕಥೆ ಏನು?

ಸರಿಯಾದ ಪ್ರಶ್ನೆ, ಯಾಕೋ ಯಾರೂ ಕೇಳುವುದಿಲ್ಲ, ನಾನೇ ಸೇರಿಸಿಕೊಂಡಿದ್ದೇನೆ. ಗುಮ್ಮಟ ಅಂದರೆ ಸುತ್ತಲೂ ತಿರುಗಿಸಿದ ಕಮಾನು, ಆದ್ದರಿಂದ ಎಲ್ಲ ದಿಕ್ಕಿಗೂ ತಳ್ಳುತ್ತದೆ. ಕಾನ್‌ಸ್ಟಾಂಟಿನೋಪಲ್‌ನ, ಅಂದರೆ ಈಗಿನ ಇಸ್ತಾಂಬುಲ್‌ನ, ಹಾಗಿಯಾ ಸೋಫಿಯಾವನ್ನು ಜಸ್ಟಿನಿಯನ್ ಚಕ್ರವರ್ತಿ 532ರಿಂದ 537ರೊಳಗೆ ಕಟ್ಟಿಸಿದ. ಐದೇ ವರ್ಷ! ಅವಸರದ ಫಲವೋ ಏನೋ, ಭೂಕಂಪಗಳಿಂದ ಬಿರುಕುಬಿಟ್ಟು 558ರಲ್ಲಿ ಗುಮ್ಮಟ ಬಿತ್ತು. ಇನ್ನಷ್ಟು ಎತ್ತರಿಸಿ ಮತ್ತೆ ಕಟ್ಟಿದರು. ಬುಡದಲ್ಲಿ 40 ಕಿಟಕಿ, ಹಾಗಾಗಿ ಗುಮ್ಮಟ ಗಾಳಿಯಲ್ಲಿ ತೇಲುವ ಹಾಗೆ ಕಾಣುತ್ತದೆ. ಚೌಕದ ಮೇಲೆ ದುಂಡನ್ನು ಕೂರಿಸಲು ನಾಲ್ಕು ಮೂಲೆಗೆ ತ್ರಿಕೋನದ ಬಾಗಿದ ತುಂಡು ಕಟ್ಟಿದ್ದಾರೆ. ನಮ್ಮ ವಿಜಯಪುರದ ಗೋಳಗುಮ್ಮಟದಲ್ಲಿ ಇದೇ ಸಮಸ್ಯೆಯನ್ನು ಒಂದನ್ನೊಂದು ಕತ್ತರಿಸುವ ಕಮಾನುಗಳಿಂದ ಬಿಡಿಸಿದ್ದಾರೆ. ಎರಡನ್ನೂ ನೋಡಿದವರು ನನಗೆ ಹೇಳಿ, ಯಾವುದು ಜಾಸ್ತಿ ಚೆಂದ ಅಂತ. ನನ್ನ ಓಟು ಗೋಳಗುಮ್ಮಟಕ್ಕೆ.

ಫ್ಲಾರೆನ್ಸಿನವರದು ಬೇರೆಯೇ ಧೈರ್ಯ. 1296ರಲ್ಲಿ ಚರ್ಚು ಶುರುಮಾಡಿ, ನಡುವೆ ಸುಮಾರು 45 ಮೀಟರ್ ಅಗಲದ ಎಂಟು ಮೂಲೆಯ ಜಾಗ ಬಿಟ್ಟರು, ಅದನ್ನು ಮುಚ್ಚುವುದು ಹೇಗೆ ಅಂತ ಯಾರಿಗೂ ಗೊತ್ತಿಲ್ಲದೆಯೇ! ಮುಂದಿನವರು ನೋಡಿಕೊಳ್ಳುತ್ತಾರೆ ಅಂತ. ಅಷ್ಟು ಅಗಲಕ್ಕೆ, ಅಷ್ಟು ಎತ್ತರದಲ್ಲಿ ಸೆಂಟ್ರಿಂಗ್ ಹೊಡೆಯುವುದು ಆಗದ ಮಾತು. 1418ರಲ್ಲಿ ಸ್ಪರ್ಧೆ ಕರೆದರು. ಅಕ್ಕಸಾಲಿಗನಾಗಿ ಕಸುಬು ಕಲಿತ ಬ್ರುನೆಲೆಸ್ಕಿ, ಸೆಂಟ್ರಿಂಗೇ ಬೇಡ ಅಂದ. 1420ರಲ್ಲಿ ಶುರು, 1436ರಲ್ಲಿ ಗುಮ್ಮಟ ಮುಚ್ಚಿತು. ಒಂದರೊಳಗೊಂದು ಎರಡು ಚಿಪ್ಪು, ನಡುವೆ ಮೆಟ್ಟಿಲು. ಇಟ್ಟಿಗೆಗಳನ್ನು ಮೀನಿನ ಮುಳ್ಳಿನ ಹಾಗೆ ಅಡ್ಡ ಉದ್ದ ಕೂರಿಸಿದ್ದರಿಂದ ಗಾರೆ ಒಣಗುವ ಮುಂಚೆ ಜಾರಲಿಲ್ಲ, ಪ್ರತಿ ಸುತ್ತು ಮುಗಿದಾಗ ಅದು ತನ್ನನ್ನು ತಾನೇ ಹಿಡಿದುಕೊಳ್ಳುತ್ತಿತ್ತು. ಹೊರಕ್ಕೆ ತಳ್ಳುವುದನ್ನು ತಡೆಯಲು ಎತ್ತಿನಗಾಡಿ ಚಕ್ರಕ್ಕೆ ಪಟ್ಟಾ ಬಿಗಿದ ಹಾಗೆ ಕಲ್ಲು ಮತ್ತು ಮರದ ಸರಪಳಿಗಳನ್ನು ಸುತ್ತ ಬಿಗಿದ. ಸಾಮಾನು ಎತ್ತಲು ಎತ್ತು ಕಟ್ಟುವ ಯಂತ್ರ ಮಾಡಿದ, ಎತ್ತನ್ನು ತಿರುಗಿಸದೆಯೇ ಗಿಯರ್ ಬದಲಿಸಿ ಏರಿಸಬಹುದು ಇಳಿಸಬಹುದು. ನನ್ನ ಮಟ್ಟಿಗೆ ಇಡೀ ಯುರೋಪಿನಲ್ಲಿ ಒಂದೇ ಒಂದು ಕಟ್ಟಡ ನೋಡಬೇಕು ಅಂದರೆ ಇದೇ.

ಆಮೇಲೆ ಬಂದವು ಸೇಂಟ್ ಪೀಟರ್ಸ್, ಲಂಡನ್ನಿನ ಸೇಂಟ್ ಪಾಲ್ಸ್. ಮೈಕೆಲೆಂಜೆಲೊ ಎಪ್ಪತ್ತು ದಾಟಿದ ಮೇಲೆ ಸೇಂಟ್ ಪೀಟರ್ಸ್ ಜವಾಬ್ದಾರಿ ಹೊತ್ತ, ಗುಮ್ಮಟ ಮುಗಿದದ್ದು ಅವನು ಸತ್ತ ಮೇಲೆ, 1590ರಲ್ಲಿ. 18ನೇ ಶತಮಾನದಲ್ಲಿ ಅದೂ ಬಿರುಕುಬಿಟ್ಟು ಕಬ್ಬಿಣದ ಬಳೆಗಳನ್ನು ಬಿಗಿಯಬೇಕಾಯಿತು. 1666ರ ಬೆಂಕಿಯ ನಂತರ ಕ್ರಿಸ್ಟೋಫರ್ ರೆನ್ ಕಟ್ಟಿದ ಸೇಂಟ್ ಪಾಲ್ಸ್‌ನಲ್ಲಿ ಪಿಸುಗುಟ್ಟಿದರೆ ಆಚೆ ಬದಿಗೆ ಕೇಳುವ ಮೊಗಸಾಲೆ ಇದೆ. ವಿಜಯಪುರದವರಿಗೆ ಇದೇನು ಹೊಸದಾ.

ಒಂದು ಚರ್ಚು ಪೂರ್ತಿ ಚಿನ್ನ, ಇನ್ನೊಂದು ಬೋಳು ಗೋಡೆ. ಯಾಕೆ?

ಲೂಥರ್ ನಂತರ ಪ್ರಾಟೆಸ್ಟೆಂಟ್, ಕ್ಯಾಥೊಲಿಕ್ ಅಂತ ಎರಡು ದಾರಿಯಾಯಿತು. ಸ್ವಿಟ್ಜರ್ಲೆಂಡಿನ ಜ್ವಿಂಗ್ಲಿಯಂಥ ಸುಧಾರಕರು ಮೂರ್ತಿ, ಚಿತ್ರ ಎಲ್ಲ ತೆಗೆಸಿ ಸುಣ್ಣ ಹೊಡೆಸಿದರು. ಅಲ್ಲಿ ದೇವರ ಮಾತು ಕೇಳುವುದು ಮುಖ್ಯ, ನೋಡುವುದಲ್ಲ. 1566ರಲ್ಲಿ ನೆದರ್ಲೆಂಡ್ಸ್ ಕಡೆ ಜನ ನುಗ್ಗಿ ಮೂರ್ತಿಗಳನ್ನು ಒಡೆದರು. ಇತ್ತ ಕ್ಯಾಥೊಲಿಕರು ಪ್ರತಿಯಾಗಿ ಎಲ್ಲವನ್ನೂ ದುಪ್ಪಟ್ಟು ಮಾಡಿದರು: ಚಿನ್ನ, ಅಮೃತಶಿಲೆ, ಮೋಡದ ಮೇಲೆ ಹಾರುವ ದೇವದೂತರು. ಅದೇ ಬರೋಕ್. ರೋಮಿನ ಸಂತ್ ಇಗ್ನಾಸಿಯೋ ಚರ್ಚಿನಲ್ಲಿ ಗುಮ್ಮಟವೇ ಇಲ್ಲ. ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂನ್ಯಾಸಿ ಸಂಘದ ಸಹೋದರ ಆಂದ್ರೆಯಾ ಪೊಝೊ 1685ರಲ್ಲಿ ಕ್ಯಾನ್ವಾಸಿನ ಮೇಲೆ ಗುಮ್ಮಟ ಬರೆದು ಮೇಲೆ ಅಂಟಿಸಿದ. ನೆಲದಲ್ಲಿ ಗುರುತು ಮಾಡಿದ ಜಾಗದಲ್ಲಿ ನಿಂತರೆ ನಿಜವಾದ ಗುಮ್ಮಟ, ನಾಲ್ಕು ಹೆಜ್ಜೆ ಸರಿದರೆ ಸೊಟ್ಟ ಚಿತ್ರ. ಮಂಗಳೂರಿನವರಿಗೆ ಈ ಜೆಸ್ವಿಟ್ ಚಿತ್ರಕಾರರ ವಂಶ ಹೊಸದಲ್ಲ. ಸೇಂಟ್ ಅಲೋಶಿಯಸ್ ಚಾಪೆಲ್ಲಿನ ಗೋಡೆ ಛಾವಣಿ ತುಂಬಾ ಚಿತ್ರ ಬರೆದ ಆಂಟೋನಿಯೊ ಮೊಸ್ಕೇನಿಯೂ ಇಟಲಿಯಿಂದ ಬಂದ ಜೆಸ್ವಿಟ್ ಸಹೋದರನೇ.

ಹೊರಗಡೆ ವಿಕಾರ ಮುಖಗಳು ಯಾಕೆ?

ನೀರು ಉಗುಳಲು. ಮಾಡಿನ ಮಳೆನೀರು ಗೋಡೆಗೆ ತಾಗದೆ ದೂರ ಬೀಳಲಿ ಅಂತ ಉದ್ದ ಕತ್ತಿನ ಪ್ರಾಣಿಗಳ ಬಾಯಿಂದ ಹರಿಸುತ್ತಾರೆ, ಗಾರ್ಗಾಯ್ಲ್ ಅಂತ ಹೆಸರು. ಪ್ಯಾರಿಸಿನ ನೋತ್ರ್ ದಾಮ್‌ನಲ್ಲಿ ಕೆನ್ನೆಗೆ ಕೈಕೊಟ್ಟು ಊರು ನೋಡುವ ಪ್ರಸಿದ್ಧ ಭೂತ ಮಾತ್ರ ನೀರು ಉಗುಳುವುದಿಲ್ಲ, ಹಳೆಯದೂ ಅಲ್ಲ. 19ನೇ ಶತಮಾನದ ರಿಪೇರಿಯಲ್ಲಿ ವಿಯೊಲೆ ಲ ದ್ಯುಕ್ ಎಂಬ ವಾಸ್ತುಶಿಲ್ಪಿ ಸೇರಿಸಿದ್ದು. 2019ರ ಏಪ್ರಿಲ್ 15ರಂದು ಉರಿದು ಬಿದ್ದ ಚೂಪು ಶಿಖರವೂ ಆತನದ್ದೇ.

ಆ ಬೆಂಕಿಯಲ್ಲಿ ಪೂರ್ತಿ ಸುಟ್ಟುಹೋಗಲಿಲ್ವಾ?

ಇಲ್ಲ. ಓಕ್ ಮರದ ಮಾಡು ಹೋಯಿತು, ಮೇಲಿನ ಸೀಸದ ಹೊದಿಕೆ ಕರಗಿತು, ಶಿಖರ ಬಿತ್ತು. ಆದರೆ ಮಾಡಿನ ಕೆಳಗಿದ್ದ ಕಲ್ಲಿನ ಛಾವಣಿ ಕೆಲವು ಕಡೆ ತೂತಾದದ್ದು ಬಿಟ್ಟರೆ ನಿಂತಿತು, ಉರಿಯುವ ತೊಲೆಗಳನ್ನು ಮೇಲೇ ತಡೆಯಿತು. ಎಂಟುನೂರು ವರ್ಷದ ಹಿಂದೆ ಯಾವ ಭಯಕ್ಕೆ ಕಲ್ಲು ಹಾಕಿದ್ದರೋ ಅದೇ ಕೆಲಸವನ್ನು ಮಾಡಿತು. ಸುಮಾರು ಎರಡು ಸಾವಿರ ಓಕ್ ಮರ ಕಡಿದು, ಬಹಳಷ್ಟನ್ನು ಕೊಡಲಿಯಲ್ಲೇ ಕೆತ್ತಿ ಮಾಡನ್ನು ಮತ್ತೆ ಕಟ್ಟಿದರು. 2024ರ ಡಿಸೆಂಬರ್‌ನಲ್ಲಿ ತೆರೆಯಿತು.

ಎರಡನೇ ಮಹಾಯುದ್ಧದಲ್ಲಿ ಏನಾಯಿತು?

ಕಲೋನ್ ಊರು ನೆಲಸಮವಾಯಿತು. ಚರ್ಚಿಗೆ 14 ದೊಡ್ಡ ಬಾಂಬು ಬಿದ್ದರೂ ನಿಂತಿತು. ಡ್ರೆಸ್ಡನ್‌ನ ಫ್ರೌಎನ್‌ಕಿರ್ಷೆ 1945ರ ಫೆಬ್ರವರಿಯ ದಾಳಿಯಾಗಿ ಎರಡು ದಿನಕ್ಕೆ ಕುಸಿಯಿತು. ಪೂರ್ವ ಜರ್ಮನಿಯ ಕಾಲದಲ್ಲಿ ಕಲ್ಲುಗುಡ್ಡೆ ಹಾಗೇ ಬಿದ್ದಿತ್ತು. 1994ರಿಂದ 2005ರೊಳಗೆ ಮತ್ತೆ ಕಟ್ಟಿದರು. ಗೋಡೆಯಲ್ಲಿ ಅಲ್ಲಲ್ಲಿ ಕಾಣುವ ಕಪ್ಪು ಕಲ್ಲುಗಳು ಹಳೆಯವು. ಇಂಗ್ಲೆಂಡಿನ ಕವೆಂಟ್ರಿಯವರು ಬೇರೆ ತೀರ್ಮಾನ ಮಾಡಿದರು, ಹಾಳುಬಿದ್ದ ಗೋಡೆಗಳನ್ನು ಹಾಗೇ ಬಿಟ್ಟು ಪಕ್ಕದಲ್ಲಿ 1962ಕ್ಕೆ ಹೊಸದನ್ನು ಮುಗಿಸಿದರು.

ಮರದ ಚರ್ಚುಗಳೂ ಇವೆಯಾ?

ನಾರ್ವೆಯಲ್ಲಿ. ಒಂದು ಕಾಲಕ್ಕೆ ಸಾವಿರಕ್ಕೂ ಜಾಸ್ತಿ ಇದ್ದವು, ಈಗ 28. ಬೋರ್ಗುಂಡ್ ನೋಡಿ, 12ನೇ ಶತಮಾನದ ಕೊನೆಯದು. ಕಂಬಗಳನ್ನು ಮಣ್ಣಿಗೆ ಹೂಳದೆ ಕಲ್ಲಿನ ಮೇಲೆ ಕೂರಿಸಿ ಮೈಗೆಲ್ಲ ಡಾಂಬರಿನಂಥ ಮರದ ಎಣ್ಣೆ ಬಳಿದಿದ್ದಾರೆ, ಅದಕ್ಕೇ ಉಳಿದಿದೆ. ಮಾಡಿನ ತುದಿಯಲ್ಲಿ ಡ್ರ್ಯಾಗನ್ ತಲೆಗಳು.

ಈಗ ಅತಿ ಎತ್ತರದ್ದು ಯಾವುದು?

ಬಾರ್ಸಿಲೋನಾದ ಸಗ್ರಾದಾ ಫ್ಯಾಮಿಲಿಯಾ. 2025ರ ಅಕ್ಟೋಬರ್‌ನಲ್ಲಿ ಉಲ್ಮ್ ಅನ್ನು ದಾಟಿತು, ಯೋಜನೆಯ ಎತ್ತರ 172.5 ಮೀಟರ್. 1882ರಲ್ಲಿ ಶುರು, ಮರುವರ್ಷ ಗೌಡಿ ಎಂಬ ವಾಸ್ತುಶಿಲ್ಪಿಯ ಕೈಗೆ ಬಂತು. ಆತನ ಯೋಚನೆ ಕೇಳಿ: ಕೊರಳಿನ ಸರವನ್ನು ಎರಡು ಕೈಯಲ್ಲಿ ಹಿಡಿದು ಜೋತುಬಿಟ್ಟರೆ ಒಂದು ಬಾಗು ಬರುತ್ತದೆ. ಅದನ್ನು ತಲೆಕೆಳಗು ಮಾಡಿದರೆ ಅತ್ಯುತ್ತಮ ಕಮಾನು. ಹತ್ತಿರದ ಇನ್ನೊಂದು ಚರ್ಚಿಗಾಗಿ ದಾರಗಳಿಗೆ ಪುಟ್ಟ ಚೀಲಗಳ ತೂಕ ಕಟ್ಟಿ ಇಡೀ ಕಟ್ಟಡವನ್ನೇ ತಲೆಕೆಳಗಾಗಿ ಜೋತುಬಿಟ್ಟು ನೋಡಿದ್ದ. ಇಲ್ಲಿ ಕಂಬಗಳನ್ನು ಮರದ ಕೊಂಬೆಗಳ ಹಾಗೆ ಓರೆ ಮಾಡಿದ್ದರಿಂದ ಹೊರಗೆ ಊರೆಯೇ ಬೇಕಾಗಲಿಲ್ಲ. ಗೋಥಿಕ್ ಊರೆಗಳನ್ನು ಆತ ಊರುಗೋಲು ಅಂತ ಅಣಕಿಸುತ್ತಿದ್ದ. 1926ರಲ್ಲಿ ಟ್ರಾಮ್ ಹೊಡೆದು ಬಿದ್ದಾಗ ಹಳೆಯ ಬಟ್ಟೆ ನೋಡಿ ಭಿಕ್ಷುಕ ಅಂದುಕೊಂಡರು. ಮೂರು ದಿನಕ್ಕೆ ತೀರಿಕೊಂಡ, ಅದೇ ಚರ್ಚಿನ ನೆಲಮಾಳಿಗೆಯಲ್ಲಿ ಸಮಾಧಿ ಇದೆ. 1936ರ ಗಲಭೆಯಲ್ಲಿ ಆತನ ಮಾದರಿಗಳನ್ನೂ ಒಡೆದರು, ಚೂರು ಜೋಡಿಸಿ ಮುಂದುವರಿಸಿದರು.

ನಮ್ಮ ಮೈಸೂರಿನ ಸೇಂಟ್ ಫಿಲೋಮಿನಾ ಕಲೋನ್ ಚರ್ಚಿನದ್ದೇ ಕಾಪಿನಾ?

ಕಲೋನಿನ ಮಾದರಿ ನೋಡಿ ಕಟ್ಟಿದ್ದು ಅಂತ ಹೇಳುತ್ತಾರೆ, ಜೋಡಿ ಗೋಪುರ ನೋಡಿದರೆ ಹೋಲಿಕೆ ಕಾಣುತ್ತದೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟರು. ಗೋಪುರ 175 ಅಡಿ, ಕಲೋನಿನ ಮೂರನೇ ಒಂದು ಪಾಲು. ಮೈಸೂರಿನವರಾದ ನಮ್ಮ ಭಾವ ಕಲೋನ್ ಎದುರು ನಿಂತು "ನಮ್ಮದರ ಥರಾನೇ ಇದೆ" ಅಂದರು. ನಾನು ಸುಮ್ಮನಿದ್ದೆ.

ಚಪ್ಪಲಿ ಬಿಡಬೇಕಾ? ನೆಲದಲ್ಲಿ ಹೆಸರು ಕೆತ್ತಿದ ಕಲ್ಲುಗಳಿವೆಯಲ್ಲ, ತುಳಿಯಬಹುದಾ?

ಚಪ್ಪಲಿ ಬಿಡಬೇಡಿ, ಚಳಿಗೆ ಕಾಲು ಮರಗಟ್ಟುತ್ತದೆ. ಗಂಡಸರು ಟೋಪಿ ತೆಗೆಯಬೇಕು, ಇಟಲಿಯಲ್ಲಿ ಭುಜ ಮಂಡಿ ಮುಚ್ಚಿರಬೇಕು. ನೆಲದ ಕಲ್ಲುಗಳು ಹೌದು, ಸಮಾಧಿಗಳೇ. ಎಲ್ಲರೂ ಮೇಲೆಯೇ ನಡೆಯುತ್ತಾರೆ, ಬಲಿಪೀಠದ ಹತ್ತಿರ ಜಾಗ ಸಿಗಲಿ ಅಂತ ದುಡ್ಡು ಕೊಟ್ಟು ಹೂಳಿಸಿಕೊಂಡವರೂ ಇದ್ದರು. ನಮ್ಮ ಚಿಕ್ಕಮ್ಮ ಮಾತ್ರ ಒಂದೊಂದನ್ನೂ ಬಳಸಿಕೊಂಡು ನಡೆದು, ಇಪ್ಪತ್ತು ನಿಮಿಷದ ದಾರಿಗೆ ಒಂದು ಗಂಟೆ ಮಾಡಿದರು.

ಗೋಪುರ ಹತ್ತಬಹುದಾ? ಲಿಫ್ಟ್ ಇದೆಯಾ?

ಕಲೋನಿನಲ್ಲಿ 533 ಮೆಟ್ಟಿಲು, ಪ್ರವಾಸಿಗರಿಗೆ ಲಿಫ್ಟ್ ಇಲ್ಲ. ಸುರುಳಿ ಮೆಟ್ಟಿಲು ಇಕ್ಕಟ್ಟು, ಹತ್ತುವವರು ಇಳಿಯುವವರು ಎದುರುಬದುರಾಗುತ್ತಾರೆ. ಅರ್ಧ ದಾರಿಯಲ್ಲಿ ಗಂಟೆಗಳ ಕೋಣೆ, ಅಲ್ಲಿ 24 ಟನ್ ತೂಕದ ದೊಡ್ಡ ಗಂಟೆ ಇದೆ, ಸುಧಾರಿಸಿಕೊಳ್ಳಲು ಒಳ್ಳೆಯ ನೆಪ. ಉಲ್ಮ್ ತುದಿಗೆ 768, ಫ್ಲಾರೆನ್ಸ್ ಗುಮ್ಮಟಕ್ಕೆ 463. ಮಂಡಿ ನೋವಿನವರು ಫ್ಲಾರೆನ್ಸನ್ನೂ ಬಿಡಿ. ಕೈಲಾಗುವವರು ಮಾತ್ರ ಅಲ್ಲಿ ಹತ್ತಲೇಬೇಕು, ಎರಡು ಚಿಪ್ಪುಗಳ ನಡುವೆ ಬಗ್ಗಿ ಹೋಗುವಾಗ ಬ್ರುನೆಲೆಸ್ಕಿಯ ಮೀನುಮುಳ್ಳಿನ ಇಟ್ಟಿಗೆ ಕೈಗೆಟಕುವಷ್ಟು ಹತ್ತಿರ ಕಾಣುತ್ತದೆ. ಟಿಕೆಟ್ ಮುಂಚೆಯೇ ಕಾದಿರಿಸಿ, ನೀರು ಒಯ್ಯಿರಿ, ಹೊಟ್ಟೆ ತುಂಬಾ ಪಾಸ್ತಾ ತಿಂದು ಮಾತ್ರ ಹೋಗಬೇಡಿ.